ದಾರಿ ತಪ್ಪಿದ ಸಿರೆ ಮತ್ತು ಒಂದೇ ಶ್ವಾಸಕೋಶದ ಅರಿವಳಿಕೆ

ಓದುಗರ ಪ್ರಶ್ನೆಗಳಿಗೆ ಮುಂಬಯಿಯ ಅರಿವಳಿಕೆ ತಜ್ಞರೊಬ್ಬರ ಉತ್ತರ

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಫೋರ್ಟಿನ ಕ್ಯಾಂಟೀನೊಂದರಲ್ಲಿ ದುಡಿದವರು. ಬೀಡಿಯ ಚಟವಿತ್ತು, ಬಿಟ್ಟು ಎರಡು ತಿಂಗಳಾಯಿತು. ಬಲ ಶ್ವಾಸಕೋಶದ ಕೆಳಗಿನ ಹಾಲೆಯಲ್ಲಿ (ಲೋಬ್) ಗಡ್ಡೆ ಕಂಡು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಆ ಹಾಲೆಯನ್ನು ತೆಗೆಯಲು ದಿನವೂ ಗೊತ್ತಾಗಿತ್ತು. ಹಿಂದಿನ ದಿನ ಅರಿವಳಿಕೆ ವೈದ್ಯರು ಸಿ.ಟಿ. ವರದಿಯ ಕೊನೆಯ ಸಾಲನ್ನು ಓದಿ, ಎಡಗಡೆಯ ಮೇಲಿನ ಹಾಲೆಯ ಸಿರೆ ಹುಟ್ಟಿನಿಂದಲೇ ಬೇರೆ ಕಡೆ ಸೇರಿಕೊಂಡಿದೆ ಎಂದು ಹೇಳಿ ಫಿಟ್‌ನೆಸ್ ಕೊಡಲಿಲ್ಲ. ಹೃದಯದ ಎಂ.ಆರ್.ಐ. ಮಾಡಿಸಿ, ಹೃದ್ರೋಗ ತಜ್ಞರಿಗೆ ತೋರಿಸಿ ಬನ್ನಿ ಎಂದರು. ಗಡ್ಡೆ ಇರುವುದು ಬಲಗಡೆ, ದೋಷ ಇರುವುದು ಎಡಗಡೆ. ಇಷ್ಟು ವರ್ಷ ಒಂದು ದಿನವೂ ತೊಂದರೆ ಕೊಡದ ಸಿರೆ ಈಗೇಕೆ ಅಡ್ಡ ಬಂತು? ಕ್ಯಾನ್ಸರಿನ ಆಪರೇಷನ್ ಮುಂದೂಡಿದ್ದು ಸರಿಯೇ?
— ಹೆಸರು ಬೇಡ, ಡೊಂಬಿವಲಿ

ಉತ್ತರ: ಮುಂದೂಡಿದ್ದು ಸರಿ. ಗಡ್ಡೆ ಬಲಗಡೆ, ದೋಷ ಎಡಗಡೆ ಎಂದು ನೀವು ಸಮಾಧಾನಕ್ಕಾಗಿ ಬರೆದಿರುವ ಮಾತೇ ಆ ವೈದ್ಯರನ್ನು ಯೋಚನೆಗೆ ಹಚ್ಚಿರಬೇಕು. ದೋಷವಿರುವ ಹಾಲೆಯಲ್ಲೇ ಗಡ್ಡೆಯೂ ಇದ್ದಿದ್ದರೆ ಅವರು ಬಹುಶಃ ಇಷ್ಟು ಪರೀಕ್ಷೆಗಳನ್ನು ಕೇಳುತ್ತಿರಲಿಲ್ಲ.

ಶರೀರದಿಂದ ಮರಳಿ ಬಂದ ರಕ್ತವನ್ನು ಹೃದಯದ ಬಲಭಾಗ ಶ್ವಾಸಕೋಶಗಳಿಗೆ ತಳ್ಳುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತವು ಸಾಮಾನ್ಯವಾಗಿ ನಾಲ್ಕು ಸಿರೆಗಳ ಮೂಲಕ, ಬಲಗಡೆಯಿಂದ ಎರಡು ಮತ್ತು ಎಡಗಡೆಯಿಂದ ಎರಡು, ಎಡ ಹೃತ್ಕರ್ಣವನ್ನು ಸೇರಿ, ಅಲ್ಲಿಂದ ಇಡೀ ದೇಹಕ್ಕೆ ಹರಿಯುತ್ತದೆ. ಭ್ರೂಣದ ಮೊದಲ ವಾರಗಳಲ್ಲಿ ಶ್ವಾಸಕೋಶದ ರಕ್ತವು ದೇಹದ ಇತರ ಸಿರೆಗಳಿಗೇ ಹೋಗುತ್ತಿರುತ್ತದೆ. ಎಡ ಹೃತ್ಕರ್ಣದೊಂದಿಗೆ ಹೊಸ ಸಂಪರ್ಕ ಏರ್ಪಟ್ಟ ಮೇಲೆ ಹಳೆಯ ದಾರಿಗಳು ಮುಚ್ಚಿಹೋಗಬೇಕು. ಯಾವುದೋ ಒಂದು ಹಾಲೆಯ ಮಟ್ಟಿಗೆ ಹೊಸ ಸಂಪರ್ಕ ಆಗದೆ ಹಳೆಯ ದಾರಿಯೇ ಉಳಿದುಬಿಟ್ಟರೆ, ಆ ಹಾಲೆಯ ಶುದ್ಧ ರಕ್ತ ಮತ್ತೆ ಹೃದಯದ ಬಲಭಾಗಕ್ಕೇ ಬಂದು ಬೀಳುತ್ತದೆ. ಒಗೆದ ಬಟ್ಟೆಯನ್ನೇ ಮತ್ತೆ ದೋಬಿಯ ಗಂಟಿಗೆ ಸೇರಿಸಿದ ಹಾಗೆ: ಕೆಲಸ ಹೆಚ್ಚುತ್ತದೆ, ಉಪಯೋಗವಿಲ್ಲ. ನಿಮ್ಮ ತಂದೆಯವರಲ್ಲಿ ಎಡ ಮೇಲಿನ ಹಾಲೆಯ ರಕ್ತವು ನೆಟ್ಟಗೆ ಮೇಲೇರುವ ಒಂದು ಸಿರೆಯ ಮೂಲಕ ಕತ್ತಿನ ಬುಡದ ದೊಡ್ಡ ಸಿರೆಯನ್ನು ಸೇರಿ, ಅಲ್ಲಿಂದ ಮೇಲಿನ ಮಹಾಸಿರೆಗೆ ಇಳಿಯುತ್ತಿದೆ. ವಯಸ್ಕರ ಸಿ.ಟಿ. ಚಿತ್ರಗಳಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬೀಳುವ ಇಂಥ ದೋಷಗಳಲ್ಲಿ ಇದು ಹೆಚ್ಚಾಗಿ ಕಾಣುವ ಬಗೆ. ಸಾವಿರ ಜನರ ಎದೆಯ ಸಿ.ಟಿ. ತೆಗೆದರೆ ಒಬ್ಬಿಬ್ಬರಲ್ಲಿ ಇಂಥದೊಂದು ದೋಷ ಇರುತ್ತದೆ. ವರದಿಯ ಕೊನೆಯ ಸಾಲಿನಲ್ಲಿ ಬರೆಯುವುದರಿಂದಲೋ, ಎಲ್ಲರ ಕಣ್ಣೂ ಗಡ್ಡೆಯ ಮೇಲೇ ಇರುವುದರಿಂದಲೋ, ಅದು ತಪ್ಪಿಹೋಗುವುದೂ ಉಂಟು. ಆ ಸಾಲನ್ನು ಓದಿದ ವೈದ್ಯರು ನಿಮಗೆ ಸಿಕ್ಕರಲ್ಲ, ಅದು ಒಳ್ಳೆಯದೇ ಆಯಿತು.

ಇನ್ನು ಲೆಕ್ಕಕ್ಕೆ ಬರೋಣ. ಶ್ವಾಸಕೋಶಗಳಿಗೆ ಹೋಗುವ ರಕ್ತ ನೂರು ಪಾಲು ಎಂದಿಟ್ಟುಕೊಳ್ಳಿ. ಸುಮಾರು 55 ಪಾಲು ಬಲಕ್ಕೆ, 45 ಪಾಲು ಎಡಕ್ಕೆ. ಎಡ ಮೇಲಿನ ಹಾಲೆಗೆ 20 ಪಾಲು ಎಂದುಕೊಂಡರೆ, ಆ 20 ತಪ್ಪು ದಾರಿ ಹಿಡಿದು 80 ಮಾತ್ರ ದೇಹಕ್ಕೆ ಸಲ್ಲುತ್ತದೆ. ದೇಹಕ್ಕೆ ಹೋಗುವ ರಕ್ತಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ಒಂದೂಕಾಲು ಪಟ್ಟು. ಇಷ್ಟನ್ನು ಹೃದಯ ಜೀವಮಾನವಿಡೀ ಸದ್ದಿಲ್ಲದೆ ನಿಭಾಯಿಸಬಲ್ಲದು, ನಿಮ್ಮ ತಂದೆಯವರ ಹೃದಯ ನಿಭಾಯಿಸಿದೆ ಕೂಡ. ಈಗ ಬಲಗಡೆಯ ಕೆಳಹಾಲೆಯನ್ನು, ಅಂದರೆ 25 ಪಾಲಿನಷ್ಟು ರಕ್ತ ಹೋಗುವ ಸರಿಯಾದ ದಾರಿಯೊಂದನ್ನು ತೆಗೆದುಹಾಕಿದರೆ, ಉಳಿದ 75ರಲ್ಲಿ 20 ತಪ್ಪು ದಾರಿಯದು, ಅನುಪಾತ 1.36ಕ್ಕೆ ಏರುತ್ತದೆ. ಒಂದು ವೇಳೆ ಗಡ್ಡೆ ಒಳಗೆ ಹರಡಿದ್ದು ಕಂಡು ಇಡೀ ಬಲ ಶ್ವಾಸಕೋಶವನ್ನೇ ತೆಗೆಯಬೇಕಾಗಿ ಬಂದರೆ, ಉಳಿದ 45ರಲ್ಲಿ 20 ಪೋಲಾಗಿ, ಅನುಪಾತ 1.8 ಆಗುತ್ತದೆ. ಒಂದೂವರೆ ದಾಟಿದರೆ ಸಾಮಾನ್ಯವಾಗಿ ದೋಷವನ್ನು ಸರಿಪಡಿಸುವ ಮಾತು ಬರುತ್ತದೆ. ಹೀಗೆ ಹೆಚ್ಚಿದ ಹೊರೆ ಬೀಳುವುದು ತೆಳುಗೋಡೆಯ ಬಲ ಹೃತ್ಕುಕ್ಷಿಯ ಮೇಲೆ, ಅದೂ ಆಪರೇಷನ್ನಿನಿಂದ ಶ್ವಾಸಕೋಶದ ರಕ್ತನಾಳಗಳ ಒಟ್ಟು ವಿಸ್ತಾರ ಕಡಿಮೆಯಾಗಿರುವ ಹೊತ್ತಿನಲ್ಲಿ. ಇದು ನಾನು ಸರಳವಾಗಿ ಕಟ್ಟಿದ ಲೆಕ್ಕ. ನಿಜವಾದ ಸಂಖ್ಯೆಯನ್ನು ಹೃದಯದ ಎಂ.ಆರ್.ಐ.ಯಲ್ಲಿ ರಕ್ತದ ಹರಿವನ್ನು ಅಳೆದೋ, ಕ್ಯಾತಿಟರ್ ಎಂಬ ಸಪೂರ ನಳಿಕೆಯನ್ನು ಹೃದಯಕ್ಕೆ ಇಳಿಸಿ ಬೇರೆ ಬೇರೆ ಕಡೆಯ ರಕ್ತದ ಆಮ್ಲಜನಕವನ್ನು ಹೋಲಿಸಿಯೋ ತಿಳಿಯಬೇಕು. ಅದಕ್ಕಾಗಿಯೇ ನಿಮ್ಮನ್ನು ಕಳಿಸಿದ್ದಾರೆ. ಎದೆಯ ಮೇಲಿಂದ ಮಾಡುವ ಸಾಧಾರಣ ಎಕೋ (ಹೃದಯದ ಅಲ್ಟ್ರಾಸೌಂಡ್) ಈ ಸಿರೆಯನ್ನು ಅನೇಕ ವೇಳೆ ತೋರಿಸುವುದಿಲ್ಲ, ಆದರೆ ಹೃದಯದ ಬಲಭಾಗ ಹಿಗ್ಗಿದೆಯೇ, ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ಹೆಚ್ಚಿದೆಯೇ ಎಂಬುದನ್ನು ತಿಳಿಸುತ್ತದೆ. ಎಕೋ ನಾರ್ಮಲ್ ಬಂತು ಎಂದು ಎಂ.ಆರ್.ಐ. ಬಿಟ್ಟುಬಿಡಬೇಡಿ.

ನಮ್ಮ ವಿಭಾಗದ ಕಷ್ಟ ಇನ್ನೊಂದಿದೆ. ಶಸ್ತ್ರವೈದ್ಯರು ಕೆಲಸ ಮಾಡುವ ಕಡೆಯ ಶ್ವಾಸಕೋಶ ಅಲುಗಾಡದೆ ಮುದುಡಿಕೊಂಡಿರಬೇಕು, ಇನ್ನೊಂದು ಮಾತ್ರ ಉಸಿರಾಡುತ್ತಿರಬೇಕು. ಸ್ವೀಡನ್ನಿನ ಕಾರ್ಲೆನ್ಸ್ 1949ರಲ್ಲಿ ಪರಿಚಯಿಸಿದ ಜೋಡಿ ಕೊಳವೆಯ ಟ್ಯೂಬಿನ ಇಂದಿನ ರೂಪಗಳು ಈ ಕೆಲಸಕ್ಕೆ ನಮ್ಮ ಕೈಯಲ್ಲಿವೆ. ಸಣ್ಣ ಬ್ರಾಂಕೋಸ್ಕೋಪನ್ನು ಒಳಗೆ ಇಳಿಸಿ ಟ್ಯೂಬು ಶ್ವಾಸನಾಳದ ಸರಿಯಾದ ಕವಲಿನಲ್ಲಿದೆಯೇ ಎಂದು ಕಣ್ಣಾರೆ ನೋಡುತ್ತೇವೆ, ರೋಗಿಯನ್ನು ಮಗ್ಗುಲಿಗೆ ಹೊರಳಿಸಿದ ಮೇಲೆ ಮತ್ತೊಮ್ಮೆ ನೋಡುತ್ತೇವೆ. ಮುದುಡಿದ ಶ್ವಾಸಕೋಶದ ರಕ್ತನಾಳಗಳು ಆಮ್ಲಜನಕವಿಲ್ಲದ್ದನ್ನು ಅರಿತು ತಾವಾಗಿಯೇ ಬಿಗಿದುಕೊಂಡು, ರಕ್ತವನ್ನು ಉಸಿರಾಡುತ್ತಿರುವ ಕಡೆಗೆ ತಿರುಗಿಸುತ್ತವೆ. ಎಲ್ಲರಲ್ಲೂ ಇದು ಉಪಕಾರ. ನಿಮ್ಮ ತಂದೆಯವರಲ್ಲಿ ಹಾಗೆ ಎಡಕ್ಕೆ ತಿರುಗಿದ ರಕ್ತದ ಒಂದು ದೊಡ್ಡ ಪಾಲು ಆಮ್ಲಜನಕ ಪಡೆದುಕೊಂಡು ಮತ್ತೆ ಹೃದಯದ ಬಲಕ್ಕೇ ಹೋಗುತ್ತದೆ. ಎಡ ಹೃತ್ಕರ್ಣಕ್ಕೆ ಬಂದು ಸೇರುವುದು ಎಡ ಕೆಳಹಾಲೆಯ ಒಳ್ಳೆಯ ರಕ್ತ ಮತ್ತು ಮುದುಡಿದ ಬಲ ಶ್ವಾಸಕೋಶದಿಂದ ಆಮ್ಲಜನಕ ಸಿಗದೆ ಹಾಗೆಯೇ ಬಂದ ರಕ್ತ, ಇವೆರಡರ ಬೆರಕೆ. ಬಲಭಾಗದ ರಕ್ತವೇ ಒಂದಿಷ್ಟು ಆಮ್ಲಜನಕ ಹೊತ್ತು ತಿರುಗುವುದರಿಂದ ನಷ್ಟ ಸ್ವಲ್ಪ ತುಂಬಿಬರುತ್ತದೆ, ಪೂರ್ತಿಯಲ್ಲ. ಬೆರಳಿಗೆ ಹಾಕಿದ ಆಕ್ಸಿಮೀಟರಿನ ಅಂಕಿ 98ರಿಂದ 90ಕ್ಕೆ, ಅದಕ್ಕೂ ಕೆಳಕ್ಕೆ ಜಾರುತ್ತಿರುವಾಗ ಕಾರಣ ಟ್ಯೂಬು ಸರಿದದ್ದೋ ಸಿರೆಯೋ ಎಂದು ತಲೆ ಕೆಡಿಸಿಕೊಳ್ಳುವ ಪರಿಸ್ಥಿತಿ ಬರಬಾರದೆಂದರೆ, ಸಿರೆಯ ವಿಚಾರ ಮೊದಲೇ ತಿಳಿದಿರಬೇಕು. ತಿಳಿದಿದ್ದರೆ ಮಾಡಲು ಬೇಕಾದಷ್ಟಿದೆ: ಮುದುಡಿದ ಕಡೆಗೆ ಅಲ್ಪ ಒತ್ತಡದಲ್ಲಿ ಆಮ್ಲಜನಕ ಬಿಡಬಹುದು, ನಡುನಡುವೆ ಎರಡನ್ನೂ ಉಬ್ಬಿಸಬಹುದು, ತೆಗೆಯಲಿರುವ ಹಾಲೆಯ ಅಪಧಮನಿಯನ್ನು ಬೇಗ ಕಟ್ಟುವಂತೆ ಶಸ್ತ್ರವೈದ್ಯರನ್ನು ಕೇಳಬಹುದು.

ಆ ಅಪಧಮನಿಯ ವಿಷಯದಲ್ಲಿ ಒಂದು ಮುಖ್ಯ ಹಂತವಿದೆ. ಅದನ್ನು ಕತ್ತರಿಸುವ ಮೊದಲು ಕ್ಲ್ಯಾಂಪ್ ಹಾಕಿ ಕೆಲವು ನಿಮಿಷ ಹಾಗೇ ಬಿಡುತ್ತಾರೆ. ಹಾಲೆ ಇನ್ನೂ ದೇಹದಲ್ಲೇ ಇದೆ, ಆದರೆ ರಕ್ತಸಂಚಾರದ ಮಟ್ಟಿಗೆ ಇಲ್ಲ. ಈ ಹೊತ್ತಿನಲ್ಲಿ ಅನ್ನನಾಳದೊಳಗಿನ ಎಕೋ ಪರದೆಯಲ್ಲಿ ಬಲ ಹೃತ್ಕುಕ್ಷಿಯ ಗಾತ್ರವನ್ನೂ, ಶ್ವಾಸಕೋಶದ ಅಪಧಮನಿಯ ಒತ್ತಡವನ್ನೂ, ದೇಹದ ರಕ್ತದೊತ್ತಡವನ್ನೂ ಒಟ್ಟಿಗೆ ಗಮನಿಸುತ್ತೇವೆ. ಹೃತ್ಕುಕ್ಷಿ ಹಿಗ್ಗಿ, ನಡುಗೋಡೆ ಎಡಕ್ಕೆ ಬಾಗಿ, ದೇಹದ ರಕ್ತದೊತ್ತಡ ಇಳಿಯತೊಡಗಿದರೆ ಕ್ಲ್ಯಾಂಪ್ ಬಿಚ್ಚಲು ಇನ್ನೂ ಅವಕಾಶವಿದೆ. ಕತ್ತರಿಸಿದ ಮೇಲೆ ಇಲ್ಲ.

ಇಂಥ ಹೃದಯಕ್ಕೆ ಆಗದ ಸಂಗತಿಗಳು ಆಮ್ಲಜನಕದ ಕೊರತೆ, ಇಂಗಾಲದ ಡೈಆಕ್ಸೈಡಿನ ಏರಿಕೆ, ರಕ್ತದ ಆಮ್ಲೀಯತೆ, ಚಳಿ ಮತ್ತು ನೋವು. ಇವೆಲ್ಲವೂ ಶ್ವಾಸಕೋಶದ ರಕ್ತನಾಳಗಳನ್ನು ಬಿಗಿಯುವಂತೆ ಮಾಡುತ್ತವೆ. ಹಾಗೆಂದು ಬೇಕಾಬಿಟ್ಟಿ ಆಮ್ಲಜನಕ ಕೊಟ್ಟು, ವೆಂಟಿಲೇಟರನ್ನು ಜೋರಾಗಿ ಓಡಿಸಿ ನಾಳಗಳನ್ನು ಅತಿಯಾಗಿ ಸಡಿಲಿಸಿದರೆ ತಪ್ಪು ದಾರಿಯ ಹರಿವೂ ಹೆಚ್ಚುತ್ತದೆ. ಒಂದೇ ಶ್ವಾಸಕೋಶ ಉಸಿರಾಡುವಾಗ ಪ್ರತಿ ಉಸಿರಿಗೆ ದೇಹತೂಕದ ಕಿಲೋಗೆ 4ರಿಂದ 6 ಮಿಲಿಲೀಟರಿನಷ್ಟೇ ಗಾಳಿ ಕೊಡುವುದು ಈಗಿನ ವಾಡಿಕೆ. ಸಲೈನ್ ಕೈಬಿಗಿ ಹಿಡಿದು ಕೊಡುತ್ತೇವೆ. ಬಲ ಹೃತ್ಕುಕ್ಷಿ ಸೋಲುವ ಸೂಚನೆ ಕಂಡರೆ ಹೃದಯಕ್ಕೆ, ರಕ್ತದೊತ್ತಡಕ್ಕೆ ಆಸರೆಯಾಗುವ ಔಷಧಿಗಳಾದ ಮಿಲ್ರಿನೋನ್, ನಾರ್‌ಅಡ್ರಿನಾಲಿನ್ ಮತ್ತು ಉಸಿರಿನ ಮೂಲಕ ಕೊಟ್ಟು ಶ್ವಾಸಕೋಶದ ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಬೇಕಾಗಬಹುದು. ನೈಟ್ರಿಕ್ ಆಕ್ಸೈಡಿನ ವ್ಯವಸ್ಥೆ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ನೀವು ಆರಿಸಿರುವ ಆಸ್ಪತ್ರೆಯಲ್ಲಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಪರೀಕ್ಷೆಗಳ ಫಲ ನೋಡಿ ವೈದ್ಯರು ಎರಡರಲ್ಲಿ ಒಂದು ದಾರಿ ಹಿಡಿಯಬಹುದು. ಹರಿವು ಕಡಿಮೆಯಿದ್ದು, ಒತ್ತಡ ಸಹಜವಾಗಿದ್ದರೆ, ಹಾಲೆಯನ್ನಷ್ಟೇ ತೆಗೆದು ಸಿರೆಯನ್ನು ಹಾಗೇ ಬಿಡಬಹುದು. ಇಲ್ಲವಾದರೆ ಸಿರೆಯನ್ನು ಬಿಡಿಸಿ ಎಡ ಹೃತ್ಕರ್ಣಕ್ಕೆ ಜೋಡಿಸುವ ಆಪರೇಷನ್ ಕೂಡ ಆಗಬೇಕು. ಬಲಗಡೆಯಿಂದ ಎದೆ ತೆರೆದಾಗ ಎಡಗಡೆಯ ಆ ಸಿರೆ ಕೈಗೆ ಸಿಗುವುದಿಲ್ಲ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೃದಯದ ಶಸ್ತ್ರವೈದ್ಯರೂ ಕೂತು ತೀರ್ಮಾನಿಸಬೇಕಾಗುತ್ತದೆ, ಮತ್ತು ಅದು ಆಪರೇಷನ್ ಟೇಬಲ್ ಮೇಲೆ ಮಾಡುವ ತೀರ್ಮಾನವಲ್ಲ. ಪರೀಕ್ಷೆಗಳು ಕೆಲವು ದಿನಗಳಲ್ಲಿ ಮುಗಿಯುವಂಥವು. ಅಷ್ಟು ತಡದಿಂದ ಗಡ್ಡೆಯ ಚಿಕಿತ್ಸೆ ಸಾಮಾನ್ಯವಾಗಿ ಕೆಡುವುದಿಲ್ಲ. ಆದರೆ ಎಂ.ಆರ್.ಐ.ಯ ಪಾಳಿ ಸಿಗಲಿಲ್ಲವೆಂದು ತಿಂಗಳುಗಟ್ಟಲೆ ಎಳೆಯಲು ಬಿಡಬೇಡಿ. ಬೀಡಿ ಬಿಟ್ಟು ಎರಡು ತಿಂಗಳಾದದ್ದು ದೊಡ್ಡ ಸಹಾಯ. ನಾವು ಕೇಳುವುದೇ ಕನಿಷ್ಠ ನಾಲ್ಕು ವಾರ. ಕಾಯುವ ದಿನಗಳಲ್ಲಿ ಅವರನ್ನು ದಿನವೂ ನಡೆಸಿ, ಮೆಟ್ಟಿಲು ಹತ್ತಿಸಿ. ಮೂರು ಮಹಡಿ ನಿಲ್ಲದೆ ಹತ್ತಿದವರು ಒಂದು ಹಾಲೆಯ ಆಪರೇಷನ್ ತಾಳಿಕೊಳ್ಳುತ್ತಾರೆ ಎಂಬುದು ನಮ್ಮಲ್ಲಿ ಹಳೆಯ ಅಂದಾಜು. ಗಿರಗಾಂವಿನ ಚಾಳಿನವರು ಇದಕ್ಕೆ ಕೂಡಲೇ ಉತ್ತರ ಕೊಡುತ್ತಾರೆ. ಲಿಫ್ಟಿನ ಕಟ್ಟಡಗಳಲ್ಲಿ ಇರುವವರಿಗೆ ತಮ್ಮ ಉಸಿರಿನ ಅಳತೆಯೇ ಗೊತ್ತಿರುವುದಿಲ್ಲ.

ಪ್ರಶ್ನೆ: ನಾನು ಐ.ಸಿ.ಯು. ನರ್ಸ್. ರೋಗಿಯೊಬ್ಬರ ಕತ್ತಿನ ಎಡಗಡೆಯಿಂದ ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ಸಿರೆಗೆ ಇಳಿಸುವ ನಳಿಕೆ) ಹಾಕಿದಾಗ ಕಡುಗೆಂಪಿನ ಬದಲು ಕೆಂಪಗೆ ಹೊಳೆಯುವ ರಕ್ತ ಬಂತು. ಅಪಧಮನಿಗೆ ಹೋಗಿದೆ ಎಂದು ಎಲ್ಲರೂ ಗಾಬರಿಯಾದೆವು. ಆಮೇಲೆ ಅದು ಶ್ವಾಸಕೋಶದ ಸಿರೆ ಎಂದು ತಿಳಿಯಿತು. ಕತ್ತಿನಿಂದ ಅಲ್ಲಿಗೆ ಲೈನ್ ಹೋಗುವುದು ಹೇಗೆ?
— ಓದುಗರೊಬ್ಬರು, ಮುಲುಂಡ್

ಉತ್ತರ: ಮೇಲಿನ ಉತ್ತರದಲ್ಲಿ ಹೇಳಿದ ದೋಷವೇ ಇದಕ್ಕೂ ಕಾರಣ. ಎಡ ಮೇಲಿನ ಹಾಲೆಯಿಂದ ಮೇಲೇರಿ ಬಂದ ಸಿರೆ ಕತ್ತಿನ ಬುಡದ ಎಡ ಇನ್ನೋಮಿನೇಟ್ ಸಿರೆಗೆ ಸೇರುವಲ್ಲಿ ಬಾಯಿ ತೆರೆದಿರುತ್ತದೆ. ಎಡ ಕತ್ತಿನಿಂದ ಇಳಿದ, ಲೈನಿಗೆ ದಾರಿ ತೋರುವ ವೈರು ಬಲಕ್ಕೆ ತಿರುಗಿ ಮಹಾಸಿರೆಯನ್ನು ಸೇರುವ ಬದಲು ನೇರವಾಗಿ ಆ ಬಾಯಿಯೊಳಗೆ ಇಳಿದುಬಿಡುತ್ತದೆ. ಅಲ್ಲಿರುವುದು ಶ್ವಾಸಕೋಶದಿಂದ ಆಗತಾನೇ ಹೊರಟ ರಕ್ತ, ಕೆಂಪಗಿರದೆ ಇನ್ನೇನು?

ಬಣ್ಣದ ಮೇಲೆ ಅಪಧಮನಿ ಎಂದು ತೀರ್ಮಾನಿಸಬಾರದು, ಬಣ್ಣದ ಮೇಲೆ ಸಿರೆ ಎಂದೂ ತೀರ್ಮಾನಿಸಬಾರದು. ಲೈನಿಗೆ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಜೋಡಿಸಿ. ಅಪಧಮನಿಯಾದರೆ ಪರದೆಯಲ್ಲಿ ಎತ್ತರದ ಅಲೆಗಳು, ಕೈಯ ರಕ್ತದೊತ್ತಡಕ್ಕೆ ಹೊಂದುವ ಅಂಕಿಗಳು ಬರುತ್ತವೆ. ಇಲ್ಲಿ ಬರುವುದು ಸಿರೆಯ ತಗ್ಗಿನ ಒತ್ತಡ. ಜೊತೆಗೆ ಲೈನಿನಿಂದಲೂ ಮಣಿಕಟ್ಟಿನ ಅಪಧಮನಿಯಿಂದಲೂ ಒಂದೇ ಹೊತ್ತಿಗೆ ರಕ್ತ ತೆಗೆದು ಗ್ಯಾಸ್ ಪರೀಕ್ಷೆ ಮಾಡಿಸಿದರೆ, ಲೈನಿನ ರಕ್ತದಲ್ಲಿ ಆಮ್ಲಜನಕ ಅಪಧಮನಿಯ ಮಟ್ಟಕ್ಕೆ ಸಮನಾಗಿ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿಯೂ ಇರುತ್ತದೆ. ಎಕ್ಸ್‌ರೇಯಲ್ಲಿ ಲೈನು ನಡುವನ್ನು ದಾಟದೆ ಹೃದಯದ ಎಡ ಅಂಚಿನ ಗುಂಟ ಇಳಿದಿರುತ್ತದೆ. ಎಡಗಡೆಯಲ್ಲೂ ಒಂದು ಮಹಾಸಿರೆ ಉಳಿದುಕೊಂಡಿರುವವರಲ್ಲಿಯೂ ಎಕ್ಸ್‌ರೇ ಹೀಗೇ ಕಾಣುತ್ತದೆ, ಆದರೆ ಅವರಲ್ಲಿ ಬರುವ ರಕ್ತ ಮಾಮೂಲಿನಂತೆ ಕಪ್ಪು. ಎಲ್ಲಿದೆ ಎಂದು ಖಚಿತವಾಗುವ ತನಕ ಅದರಲ್ಲಿ ಔಷಧಿ ಹರಿಸಬೇಡಿ, ಕಿತ್ತೂ ಹಾಕಬೇಡಿ. ದಪ್ಪ ಲೈನು ನಿಜವಾಗಿಯೂ ಅಪಧಮನಿಯಲ್ಲಿದ್ದರೆ ಅದನ್ನು ಹಾಗೆಯೇ ಬಿಟ್ಟು ರಕ್ತನಾಳದ ಶಸ್ತ್ರವೈದ್ಯರನ್ನು ಕರೆಯುವುದೇ ಕ್ಷೇಮ. ಶ್ವಾಸಕೋಶದ ಸಿರೆ ಎಂದು ಗೊತ್ತಾದ ಮೇಲೆ ಸಾಮಾನ್ಯವಾಗಿ ಅದನ್ನು ತೆಗೆದು ಬಲಗಡೆಯಿಂದ ಬೇರೆ ಲೈನು ಹಾಕುತ್ತಾರೆ. ಮುಖ್ಯವಾಗಿ, ಆ ರೋಗಿಯ ಕಡತದಲ್ಲಿ ಇದನ್ನು ದೊಡ್ಡದಾಗಿ ಬರೆಯಿಸಿ, ಮನೆಯವರಿಗೂ ಹೇಳಿ. ಹೃದಯದ ನಡುಗೋಡೆಯಲ್ಲಿ ಹುಟ್ಟಿನಿಂದ ರಂಧ್ರವೂ ಇದೆಯೇ ಎಂದು ಎಕೋ ಮಾಡಿ ನೋಡುವುದು ಬಾಕಿ ಇರುತ್ತದೆ.

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ 24 ವರ್ಷ. ಬಲ ಶ್ವಾಸಕೋಶ ಹುಟ್ಟಿನಿಂದಲೇ ಚಿಕ್ಕದು, ಅದರ ಸಿರೆ ಹೊಟ್ಟೆಯ ಕಡೆಗೆ ಇಳಿದಿದೆಯಂತೆ. ಸಿಮಿಟಾರ್ ಸಿಂಡ್ರೋಮ್ ಎಂದಿದ್ದಾರೆ. ಪದೇ ಪದೇ ನ್ಯುಮೋನಿಯಾ, ಕೆಮ್ಮಿನಲ್ಲಿ ರಕ್ತ. ಬಲ ಶ್ವಾಸಕೋಶವನ್ನೇ ತೆಗೆಯೋಣ ಎನ್ನುತ್ತಿದ್ದಾರೆ. ಅರಿವಳಿಕೆ ತಾಳಿಕೊಳ್ಳುವಳೇ?
— ಸೋದರಮಾವ, ವಾಸ್ಕೋ

ಉತ್ತರ: ಡೊಂಬಿವಲಿಯ ಓದುಗರ ತಂದೆಯವರ ಸ್ಥಿತಿಗೆ ಇದು ನೇರ ವಿರುದ್ಧ. ಇಲ್ಲಿ ತೆಗೆಯುವ ಭಾಗದಲ್ಲೇ ದೋಷವಿದೆ. ಬಲ ಶ್ವಾಸಕೋಶ ಹೋದರೆ ತಪ್ಪು ದಾರಿಯ ಹರಿವೂ ಅದರೊಂದಿಗೆ ನಿಂತುಹೋಗುತ್ತದೆ. ಆಪರೇಷನ್ ನಡೆಯುವಾಗ ಬಲಗಡೆ ಮುದುಡಿ ಎಡಗಡೆ ಉಸಿರಾಡುವುದರಿಂದ, ಒಳ್ಳೆಯ ರಕ್ತವೆಲ್ಲ ಸರಿಯಾದ ಜಾಗಕ್ಕೇ ಹೋಗುತ್ತದೆ. ಚಿಕ್ಕಂದಿನಿಂದ ಎಡ ಶ್ವಾಸಕೋಶವೇ ಹೆಚ್ಚಿನ ಕೆಲಸ ಮಾಡಿಕೊಂಡು ಬಂದಿರುವುದೂ ಅವಳಿಗೆ ಅನುಕೂಲ.

ಕಷ್ಟ ಬೇರೆ ಎರಡು ಕಡೆ ಇದೆ. ಈ ಕಾಯಿಲೆಯಲ್ಲಿ ಬಲಗಡೆಯ ಶ್ವಾಸನಾಳದ ಕವಲುಗಳು ಸಹಜ ರೀತಿಯಲ್ಲಿ ಇರುವುದಿಲ್ಲ, ಹೃದಯವೂ ಬಲಕ್ಕೆ ಸರಿದಿರುತ್ತದೆ. ಟ್ಯೂಬನ್ನು ಕಿವಿಯ ಅಂದಾಜಿನಲ್ಲಿ, ಅಂದರೆ ಸ್ಟೆತಸ್ಕೋಪಿನ ಸದ್ದಿನ ಮೇಲೆ ಕೂರಿಸಲು ಹೋಗಬಾರದು, ಬ್ರಾಂಕೋಸ್ಕೋಪ್ ಬೇಕೇ ಬೇಕು. ಎರಡನೆಯದು ರಕ್ತಸ್ರಾವ. ಕೆಳಹಾಲೆಗೆ ಹೊಟ್ಟೆಯ ಮಹಾಪಧಮನಿಯಿಂದ ನೇರವಾಗಿ ಒಂದು ಅಪಧಮನಿ ಬರುವುದುಂಟು. ಅದು ಕೈತಪ್ಪಿ ಕತ್ತರಿಸಿ ಕೆಳಕ್ಕೆ ಸೇದಿಕೊಂಡರೆ ಹಿಡಿಯುವುದು ಬಹಳ ಕಷ್ಟ. ಕಾಂಟ್ರಾಸ್ಟ್ ಸಿ.ಟಿ.ಯಲ್ಲಿ ಆ ನಾಳವನ್ನು ಹುಡುಕಿದ್ದಾರೆಯೇ, ಅದನ್ನು ಮೊದಲೇ ಕ್ಯಾತಿಟರಿನಿಂದ ಮುಚ್ಚುವ ಯೋಚನೆ ಇದೆಯೇ ಎಂದು ಕೇಳಿ. ಶ್ವಾಸಕೋಶದ ಒತ್ತಡ ಈಗಾಗಲೇ ಹೆಚ್ಚಿದ್ದರೆ ಮಾತ್ರ ಲೆಕ್ಕಾಚಾರ ಬದಲಾಗುತ್ತದೆ. ಕ್ಯಾತಿಟರ್ ಪರೀಕ್ಷೆಯ ವರದಿ ಕೈಗೆ ಬರುವ ಮೊದಲು ದಿನ ಗೊತ್ತುಮಾಡಬೇಡಿ.

ಪ್ರಶ್ನೆ: ಪೂರ್ತಿ ಪ್ರಜ್ಞೆ ತಪ್ಪಿಸುವ ಬದಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಶ್ವಾಸಕೋಶದ ಆಪರೇಷನ್ ಮಾಡಲಾಗದೇ? ಹರ್ನಿಯಾಕ್ಕೆ ನನಗೆ ಹಾಗೇ ಮಾಡಿದ್ದರು.
— ಹಿರಿಯ ಓದುಗರು, ಮಾಟುಂಗಾ

ಉತ್ತರ: ಹರ್ನಿಯಾದ ಆಪರೇಷನ್ನಿಗೆ ಸೊಂಟದ ಕೆಳಗೆ ಮರಗಟ್ಟಿದರೆ ಸಾಕು, ಉಸಿರಾಟ ತನ್ನ ಪಾಡಿಗೆ ನಡೆದಿರುತ್ತದೆ. ಎದೆ ತೆರೆದಾಗ ಒಂದು ಶ್ವಾಸಕೋಶವನ್ನು ನಿಲ್ಲಿಸಿ ಇನ್ನೊಂದನ್ನು ನಾವೇ ಉಸಿರಾಡಿಸಬೇಕು. ಆಯ್ದ ಕೆಲವರಲ್ಲಿ ಟ್ಯೂಬ್ ಇಲ್ಲದೆ ದುರ್ಬೀನಿನ ಸಣ್ಣ ಆಪರೇಷನ್ನುಗಳನ್ನು ಮಾಡುವುದುಂಟು, ಆದರೆ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದು ಸಹಜ, ಮತ್ತು ಸಿರೆಯ ದೋಷವಿರುವವರ ಬಲ ಹೃತ್ಕುಕ್ಷಿಗೆ ಅದೇ ಆಗಿಬರುವುದಿಲ್ಲ. ಬೆನ್ನಿನ ಇಂಜೆಕ್ಷನ್ನಿಗೆ ಇಲ್ಲಿರುವ ಪಾತ್ರ ಬೇರೆ: ಎದೆಯ ಮಟ್ಟದಲ್ಲಿ ನರಗಳನ್ನು ಮರಗಟ್ಟಿಸುವ ಎಪಿಡ್ಯೂರಲ್ ಅಥವಾ ಬೆನ್ನುಮೂಳೆಯ ಪಕ್ಕದ ಬ್ಲಾಕ್ ಹಾಕಿದರೆ, ಎಚ್ಚರವಾದ ಮೇಲೆ ನೋವಿಲ್ಲದೆ ಆಳವಾಗಿ ಉಸಿರೆಳೆದು ಕಫ ಕೆಮ್ಮಬಹುದು.

ಪ್ರಶ್ನೆ: ಕಂಪನಿಯ ಆರೋಗ್ಯ ತಪಾಸಣೆಯಲ್ಲಿ ನನಗೂ ಇಂಥ ಒಂದು ಸಿರೆ ಇರುವುದು ತಿಳಿಯಿತು. ಎಕೋ, ಎಂ.ಆರ್.ಐ. ಎರಡೂ ಚೆನ್ನಾಗಿವೆ, ಆಪರೇಷನ್ ಬೇಡ ಎಂದಿದ್ದಾರೆ. ಮುಂದೆ ಬೇರೆ ಯಾವುದಾದರೂ ಆಪರೇಷನ್ ಬೇಕಾದರೆ?
— 38 ವರ್ಷದ ಓದುಗರು, ಪಿಂಪ್ರಿ-ಚಿಂಚವಾಡ

ಉತ್ತರ: ಒಂದೇ ಸಿರೆ, ಹೃದಯದ ಗೋಡೆಯಲ್ಲಿ ರಂಧ್ರವಿಲ್ಲ, ಒತ್ತಡ ಸಹಜ ಎಂದಾದರೆ ಹರ್ನಿಯಾ, ಪಿತ್ತಕೋಶ, ಹೆರಿಗೆಯಂಥವುಗಳ ಅರಿವಳಿಕೆ ಉಳಿದವರಿಗಿಂತ ಹೆಚ್ಚೇನೂ ಭಿನ್ನವಾಗಿರುವುದಿಲ್ಲ. ರಂಧ್ರವೂ ಇದ್ದರೆ ಸಲೈನಿನ ನಳಿಕೆಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ವಿಶೇಷ ಎಚ್ಚರಿಕೆ ಬೇಕು, ಏಕೆಂದರೆ ಅದು ಎಡಕ್ಕೆ ದಾಟಿ ಮೆದುಳಿಗೆ ಹೋಗಬಹುದು. ಎದೆಯ ಆಪರೇಷನ್ ಅಥವಾ ಎಡ ಕತ್ತಿನಲ್ಲಿ ಸೆಂಟ್ರಲ್ ಲೈನ್ ಹಾಕುವ ಸಂದರ್ಭ ಬಂದರೆ ಮಾತ್ರ ಈ ಸಿರೆ ಮುನ್ನೆಲೆಗೆ ಬರುತ್ತದೆ. ಯಾವ ಹಾಲೆಯ ಸಿರೆ ಎಲ್ಲಿಗೆ ಸೇರಿದೆ ಎಂಬ ಒಂದು ವಾಕ್ಯವನ್ನು ನಿಮ್ಮ ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿಕೊಂಡು, ಸಿ.ಟಿ.ಯ ಸಿ.ಡಿ.ಯೊಂದಿಗೆ ಇಟ್ಟುಕೊಳ್ಳಿ, ಫೋನಿನಲ್ಲೂ ಅದರ ಚಿತ್ರ ಇರಲಿ. ಹೃದಯದ ಬಲಭಾಗ ಹಿಗ್ಗುತ್ತಿದೆಯೇ ಎಂದು ನೋಡಲು ಎಷ್ಟು ವರ್ಷಕ್ಕೊಮ್ಮೆ ಎಕೋ ಬೇಕೆಂಬುದನ್ನು ನಿಮ್ಮ ಹೃದ್ರೋಗ ತಜ್ಞರು ಹೇಳುತ್ತಾರೆ.